ಹಿಂಬದಿಯ ಸದ್ದನ್ನು ಸರಿಯಾಗಿ ಗುರುತಿಸುವ ಬಳ್ಳಾರಿಯ ಗ್ಯಾರೇಜು

ನಮ್ಮ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಹಿಂಬದಿಯ ಸದ್ದಿಗೆ ಉಳಿದವರು ಶಾಕ್ ಅಬ್ಸಾರ್ಬರ್ ಬದಲಿಸಲು ಸೂಚಿಸಿದ್ದರೆ, ಹೊಸಪೇಟೆ ರಸ್ತೆಯ ಈ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್ ಮೊದಲು ಕಾರನ್ನು ತಾವೇ ಓಡಿಸಿ ನೋಡಿದರು. ಗುಂಡಿಗೆ ಇಳಿದಾಗಲಷ್ಟೇ ಕೇಳುವ ಕಟಕಟ ಸದ್ದು ಸಾಮಾನ್ಯವಾಗಿ ಸಸ್ಪೆನ್ಷನ್‌ನದು. ವೇಗದೊಂದಿಗೆ ಏರಿ ತಿರುವಿನಲ್ಲಿ ಬದಲಾಗುವ ಗುಂಯ್‌ಗುಡುವಿಕೆ ವೀಲ್ ಬೇರಿಂಗ್‌ನದು. ಗೇರ್ ಬದಲಿಸುವಾಗ ಅಥವಾ ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಧಡ್ಡೆನ್ನುವುದು ಹೆಚ್ಚಾಗಿ ಗೇರ್‌ಬಾಕ್ಸ್ ಮೌಂಟಿಂಗ್‌ನದು, ಅಂದರೆ ಗೇರ್‌ಬಾಕ್ಸನ್ನು ಕಾರಿಗೆ ಹಿಡಿದಿಡುವ ರಬ್ಬರ್ ಆಧಾರದ್ದು ಎಂದು ಅವರು ವಿಂಗಡಿಸಿದರು. ಈ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದೆ, ಗೇರ್‌ಬಾಕ್ಸ್ ಅದಕ್ಕೂ ಹಿಂದೆ ಇರುವುದರಿಂದ ಈ ಸದ್ದುಗಳು ಸುಲಭವಾಗಿ ಬೆರೆತುಹೋಗುತ್ತವೆ. ಹಾರೆಯಿಂದ ಮೆಲ್ಲಗೆ ಮೀಟಿದಾಗ ಗೇರ್‌ಬಾಕ್ಸ್ ಅತಿಯಾಗಿ ಅಲುಗಿ, ಬಲಗಡೆಯ ಮೌಂಟಿಂಗ್‌ನ ರಬ್ಬರ್ ಹರಿದಿರುವುದು ಕಂಡಿತು. ಹರಿದದ್ದು ಒಂದೇ ಆದರೂ ಎಡ-ಬಲದ ಎರಡೂ ಮೌಂಟಿಂಗ್‌ಗಳನ್ನು ಒಟ್ಟಿಗೆ ಬದಲಿಸಿದ್ದು ಸರಿಯಾದ ನಿರ್ಧಾರ. ಕೂಲಿ ನ್ಯಾಯವಾಗಿತ್ತು. ಬಿಡಿಭಾಗಗಳು ಹೊರಗಿನಿಂದಲೇ ಬರಬೇಕಾದ್ದರಿಂದ ತಡವಾಗುತ್ತದೆ, ಯಾವಾಗ ಬರುತ್ತವೆಂದು ಅವರಾಗಿಯೇ ತಿಳಿಸುವುದೂ ಇಲ್ಲ.