ಹಳೆಯ ಜಾಝ್‌ಗೆ ಹಳೆಯ ಸ್ಪೀಕರ್: ಎಆರ್-4ಎಕ್ಸ್, ದೊಡ್ಡ ಅಡ್ವೆಂಟ್, ಡೈನಾಕೋ ಎ-25

1955ರಿಂದ 1965ರವರೆಗಿನ ದಶಕದಲ್ಲಿ ಅಮೆರಿಕದಲ್ಲಿ ಧ್ವನಿಮುದ್ರಣಗೊಂಡ ಜಾಝ್ ಸಂಗೀತವನ್ನು ಮನೆಯಲ್ಲಿ ಮನಸ್ಸು ತುಂಬುವಂತೆ ಕೇಳಲು ಸಾವಿರಾರು ಡಾಲರ್ ಸುರಿಯಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾಲದ, ಇಲ್ಲವೇ ಅದರ ಬೆನ್ನಿಗೇ ಬಂದ ಸಾಧಾರಣ ಬೆಲೆಯ ಸ್ಪೀಕರುಗಳಲ್ಲಿ ಕೆಲವು ಇಂದಿಗೂ ಆ ಸಂಗೀತಕ್ಕೆ ಪೂರ್ಣ ನ್ಯಾಯ ಒದಗಿಸುತ್ತವೆ. ನಾನಿರುವ ಬಾಸ್ಟನ್ ಸುತ್ತಮುತ್ತ ಹಿರಿಯರ ಮನೆಗಳನ್ನು ಖಾಲಿ ಮಾಡಿ ಸಾಮಾನು ಮಾರುವಲ್ಲಿ ಇವು ಆಗಾಗ ಸಿಗುತ್ತವೆ. ಇವುಗಳಲ್ಲಿ ಎರಡು ಇಲ್ಲಿಯೇ, ಮೆಸಾಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಕಂಪನಿಗಳ ಮಾದರಿಗಳು. ಎಆರ್-4ಎಕ್ಸ್, ದೊಡ್ಡ ಅಡ್ವೆಂಟ್ ಮತ್ತು ಡೈನಾಕೋ ಎ-25, ಈ ಮೂರು ಜೋಡಿಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಐವತ್ತು ವಾಟ್ ಆಂಪ್ಲಿಫೈಯರಿಗೆ ಜೋಡಿಸಿ, ಅದಲುಬದಲು ಮಾಡುತ್ತಾ ಕೇಳಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಕೋಣೆ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ. ನೆಲಕ್ಕೆ ಮರದ ಹಲಗೆ, ಅದರ ಮೇಲೊಂದು ಜಮಖಾನ.

ಪರೀಕ್ಷೆಗೆ ಮುಖ್ಯವಾಗಿ ಮೂರು ಧ್ವನಿಮುದ್ರಣಗಳನ್ನು ಆರಿಸಿಕೊಂಡೆ. ಒಂದು, 1956ರಲ್ಲಿ ರೂಡಿ ವಾನ್ ಗೆಲ್ಡರ್ ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್‌ನಲ್ಲಿ, ತಮ್ಮ ತಂದೆತಾಯಿಯರ ಮನೆಯ ಹಜಾರದಲ್ಲಿ ಮುದ್ರಿಸಿಕೊಂಡ ಸನಿ ರಾಲಿನ್ಸ್ ಅವರ ‘ಸ್ಯಾಕ್ಸೋಫೋನ್ ಕೊಲಾಸಸ್’; ಇದು ಮೋನೋ, ಅಂದರೆ ಎರಡೂ ಸ್ಪೀಕರುಗಳಿಂದ ಒಂದೇ ಧ್ವನಿ. ಎರಡನೆಯದು, 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ 30ನೇ ಬೀದಿಯ ಸ್ಟುಡಿಯೋದಲ್ಲಿ ಮುದ್ರಿತವಾದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಆ ಸ್ಟುಡಿಯೋ ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿತ್ತು. ಅಲ್ಲಿನ ಎತ್ತರದ ಚಾವಣಿಯ ಗಾಳಿ ಧ್ವನಿಯಲ್ಲಿಯೂ ಕೇಳಿಸುತ್ತದೆ. ಮೂರನೆಯದು, 1961ರ ಜೂನ್ 25ರಂದು ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ಅವರ ಮೂವರ ತಂಡ ನುಡಿಸಿದ್ದು. ಅಂದು ಡಬಲ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ) ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದೇ ದಿನಗಳ ನಂತರ ತೀರಿಕೊಂಡರು. ಅವರ ಬೆರಳುಗಳ ಪ್ರತಿಯೊಂದು ಚಲನೆಯನ್ನೂ ಸ್ಪಷ್ಟವಾಗಿ ಕೇಳಬೇಕೆಂಬ ಆಸೆ ನನ್ನದು.

ಸ್ಯಾಕ್ಸೋಫೋನ್ ವಿಷಯದಲ್ಲಿ ನನ್ನ ಕಿವಿಗೆ ಬೇರೊಂದು ಆಧಾರವೂ ಇದೆ. ದಕ್ಷಿಣ ಕನ್ನಡದಲ್ಲಿ ಬೆಳೆದವರಿಗೆ ದೇವಸ್ಥಾನದ ಉತ್ಸವದಲ್ಲಿ, ಮದುವೆ ಮಂಟಪದಲ್ಲಿ ಈ ವಾದ್ಯ ಹತ್ತಿರದಿಂದಲೇ ಕೇಳಿಸುತ್ತದೆ. ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ಕಛೇರಿ ವಾದ್ಯವಾಗಿಸಿದ ನೆಲ ಅದು. ರೀಡಿನ ಒರಟು ಅಂಚು, ಉಸಿರಿನ ಒತ್ತಡ, ಲೋಹದ ದೇಹದ ಕಾವು, ಇವು ಮೂರೂ ಸೇರಿದಾಗಲೇ ಅದು ಸ್ಯಾಕ್ಸೋಫೋನ್ ಎನಿಸುತ್ತದೆ. ಆದ್ದರಿಂದ ಸ್ಪೀಕರ್ ಎಷ್ಟು ಕೆಳಗೆ ಇಳಿಯುತ್ತದೆ, ಎಷ್ಟು ಮೇಲೆ ಏರುತ್ತದೆ ಎಂಬುದಕ್ಕಿಂತ ನಡುವಿನ ಸ್ವರಗಳನ್ನು ಎಷ್ಟು ನಿಜವಾಗಿ ನುಡಿಯುತ್ತದೆ ಎಂಬುದೇ ನನಗೆ ಮೊದಲ ಪ್ರಶ್ನೆ. ಎರಡನೆಯ ಪ್ರಶ್ನೆ ಡಬಲ್ ಬೇಸ್‌ನದು. ಅದರ ಅತ್ಯಂತ ಕೆಳಗಿನ ತಂತಿ 41 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಆದರೆ ಬೇಸ್‌ನ ನಡೆಯನ್ನು ಹಿಂಬಾಲಿಸಲು ಬೇಕಾದದ್ದು ಆಳಕ್ಕಿಂತ ಹೆಚ್ಚಾಗಿ ಒಂದು ಸ್ವರ ಮುಗಿದು ಇನ್ನೊಂದು ಆರಂಭವಾಗುವ ಗಡಿಯ ಸ್ಪಷ್ಟತೆ.

ಎಆರ್-4ಎಕ್ಸ್ 1965ರಲ್ಲಿ ಬಂದದ್ದು. ಆಗ ಒಂದಕ್ಕೆ ಅರವತ್ತು ಡಾಲರಿನ ಆಸುಪಾಸು ಬೆಲೆಯಿತ್ತು. ನಾನು ಜೋಡಿಗೆ 120 ಡಾಲರ್ ಕೊಟ್ಟೆ. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಕಟ್ಟಿದ ಅಕೌಸ್ಟಿಕ್ ರಿಸರ್ಚ್ (ಎಆರ್) ಕಂಪನಿಯ ಮೂಲ ವಿಚಾರವೇ ಇದರಲ್ಲೂ ಇದೆ: ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ವೂಫರಿನ (ಕೆಳಸ್ವರ ನುಡಿಸುವ ಘಟಕದ) ಸ್ಪ್ರಿಂಗ್ ಆಗಿ ಬಳಸುವುದು. ಇದರಿಂದ ಪುಟ್ಟ ಪೆಟ್ಟಿಗೆಯಲ್ಲೂ ಗಟ್ಟಿಯಾದ ಕೆಳಸ್ವರ ದೊರೆಯುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಆಂಪ್ಲಿಫೈಯರಿನಿಂದ ಹೆಚ್ಚು ಶಕ್ತಿ ಬೇಕಾಗುತ್ತದೆ. ಎಂಟು ಇಂಚಿನ ವೂಫರ್, ಎರಡೂವರೆ ಇಂಚಿನ ಕಾಗದದ ಟ್ವೀಟರ್ (ಮೇಲಿನ ಸ್ವರಗಳ ಘಟಕ), ಪುಸ್ತಕದ ಕಪಾಟಿನಲ್ಲಿ ಕೂರುವ ಗಾತ್ರ. ರಾಲಿನ್ಸ್ ಅವರ ಟೆನರ್ ಸ್ಯಾಕ್ಸೋಫೋನ್ ಇದರಲ್ಲಿ ಬೆಚ್ಚಗೆ, ತುಂಬು ಮೈಯಿಂದ ಎದುರಿಗೆ ನಿಲ್ಲುತ್ತದೆ. ಆದರೆ ಮ್ಯಾಕ್ಸ್ ರೋಚ್ ಅವರ ಸಿಂಬಲ್ ಹಿಂದಕ್ಕೆ ಸರಿಯುತ್ತದೆ. ತಟ್ಟಿದ್ದು ಕೇಳಿಸುತ್ತದೆ, ತಟ್ಟಿದ ಮೇಲೆ ಹರಡುವ ಲೋಹದ ಮಿನುಗು ಬೇಗ ಆರಿಹೋಗುತ್ತದೆ. ಮೋನೋ ಧ್ವನಿಮುದ್ರಣಗಳಲ್ಲಿ ಇದು ಅಷ್ಟಾಗಿ ಬಾಧಿಸದು, ಬಿಲ್ ಇವಾನ್ಸ್ ತಂಡದಲ್ಲಿ ಪಾಲ್ ಮೋಷಿಯನ್ ಡ್ರಮ್ಮಿನ ಮೇಲೆ ಬ್ರಷ್ ಆಡಿಸುವ ಕೆಲಸವನ್ನು ಹುಡುಕುವಾಗ ಮಾತ್ರ ಕೊರತೆ ಎದ್ದು ಕಾಣುತ್ತದೆ. ಈ ಕಂಪನಿಯ ಜಾಹೀರಾತುಗಳಲ್ಲಿ ಸ್ವತಃ ಮೈಲ್ಸ್ ಡೇವಿಸ್ ಕಾಣಿಸಿಕೊಂಡಿದ್ದರೆಂಬುದು ಇಲ್ಲಿ ನೆನೆಯಬಹುದಾದ ಸಂಗತಿ.

ಅಡ್ವೆಂಟ್ ಹೆನ್ರಿ ಕ್ಲಾಸ್ ಅವರದೇ ನಂತರದ ಕೆಲಸ. 1969ರಲ್ಲಿ ಬಂದ ಇದರ ಉದ್ದೇಶ ಸ್ಪಷ್ಟವಾಗಿತ್ತು: ಅಂದಿನ ಅತ್ಯಂತ ದುಬಾರಿ ಸ್ಪೀಕರುಗಳು ಇಳಿಯುವಷ್ಟೇ ಆಳಕ್ಕೆ, ಎರಡೇ ಘಟಕಗಳನ್ನು ಬಳಸಿ, ಬಹಳ ಕಡಿಮೆ ಬೆಲೆಯಲ್ಲಿ ಇಳಿಯುವುದು. ಆ ಮಾತನ್ನು ಇದು ಉಳಿಸಿಕೊಂಡಿದೆ. ‘ಕೈಂಡ್ ಆಫ್ ಬ್ಲೂ’ ಆರಂಭವಾಗುತ್ತಲೇ ಪಾಲ್ ಚೇಂಬರ್ಸ್ ಅವರ ಬೇಸ್ ಮರದ ದೊಡ್ಡ ಪೆಟ್ಟಿಗೆಯಾಗಿಯೇ ಕೋಣೆಯೊಳಗೆ ಬಂದು ನಿಲ್ಲುತ್ತದೆ. ಮೂರರಲ್ಲಿ ಪಿಯಾನೊದ ಎಡಗೈಗೆ ನಿಜವಾದ ತೂಕ ಬರುವುದೂ ಇದರಲ್ಲಿಯೇ. ಆದರೆ ನನ್ನ ಕೋಣೆಯಲ್ಲಿ ಆ ತೂಕ ಕೆಲವೊಮ್ಮೆ ಹೆಚ್ಚಾಯಿತು. ಬೇಸ್ ವೇಗವಾಗಿ ನಡೆಯುವಾಗ ಸ್ವರಗಳ ಅಂಚು ಒಂದರೊಳಗೊಂದು ಬೆರೆತು, ಲಫಾರೊ ಮೇಲಿನ ಸ್ಥಾಯಿಗೆ ಏರಿ ಪಿಯಾನೊದೊಡನೆ ಸಂವಾದ ನಡೆಸುವ ಕಡೆಗಳಲ್ಲಿ ಅವರ ಮಾತು ಅರ್ಧ ಮರೆಯಾಗುತ್ತಿತ್ತು. ಗೋಡೆಯಿಂದ ಎರಡು ಅಡಿ ಮುಂದಕ್ಕೆ ತಂದು, ನೆಲದಿಂದ ಒಂದು ಅಡಿ ಎತ್ತರಿಸಿದ ಮೇಲೆ ಸಾಕಷ್ಟು ಸುಧಾರಿಸಿತು. ಅಷ್ಟು ಜಾಗ ಬಿಡಲಾಗದವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು. ದೊಡ್ಡ ಹಜಾರವಿರುವವರಿಗೆ, ಅದರಲ್ಲೂ ಎಲಿಂಗ್ಟನ್ ಅಥವಾ ಬೇಸಿಯಂಥ ದೊಡ್ಡ ತಂಡಗಳನ್ನು ಹೆಚ್ಚು ಕೇಳುವವರಿಗೆ ಮೂರರಲ್ಲಿ ಇದೇ ಸರಿಯಾದ ಆಯ್ಕೆ.

ಡೈನಾಕೋ ಎ-25 ಕೂಡ 1969ರದ್ದೇ. ಫಿಲಡೆಲ್ಫಿಯಾದಲ್ಲಿ ಡೇವಿಡ್ ಹ್ಯಾಫ್ಲರ್ ಕಟ್ಟಿದ ಕಂಪನಿಗಾಗಿ ಸಿಯಾಸ್ ಸಂಸ್ಥೆಯು ಡೆನ್ಮಾರ್ಕಿನಲ್ಲಿ ತಯಾರಿಸಿಕೊಟ್ಟ ಸ್ಪೀಕರ್ ಇದು. ಒಂದಕ್ಕೆ 79 ಡಾಲರ್ 95 ಸೆಂಟ್ ಬೆಲೆ. ನನಗೆ ಜೋಡಿ 180 ಡಾಲರಿಗೆ ದೊರೆಯಿತು. ಹತ್ತು ಇಂಚಿನ ವೂಫರ್, ಮೆದು ಗುಮ್ಮಟದ ಟ್ವೀಟರ್. ಪೆಟ್ಟಿಗೆ ಪೂರ್ತಿ ಮುಚ್ಚಿದ್ದಲ್ಲ, ಪೂರ್ತಿ ತೆರೆದದ್ದೂ ಅಲ್ಲ. ಅದರಲ್ಲಿರುವ ಸೀಳಿಗೆ ದಟ್ಟವಾದ ತುಂಬು ವಸ್ತುವನ್ನು ಒತ್ತಿಟ್ಟಿದ್ದು, ಗಾಳಿ ಅದರ ಮೂಲಕ ಪ್ರಯಾಸಪಟ್ಟು ಹೊರಗೆ ಹೋಗುತ್ತದೆ. ಈ ತಡೆ ವೂಫರಿನ ಅನುರಣನೆಯನ್ನು ತಗ್ಗಿಸುವುದರಿಂದ ಕೆಳಸ್ವರ ಊದಿಕೊಳ್ಳುವುದಿಲ್ಲ.

ಇದರ ಪರಿಣಾಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಿಲೇಜ್ ವ್ಯಾನ್‌ಗಾರ್ಡ್ ಧ್ವನಿಮುದ್ರಣದಲ್ಲಿ ಲಫಾರೊ ತಂತಿಯನ್ನು ಎಳೆಯುವುದು, ಬಿಡುವುದು, ಬಿಟ್ಟ ಮೇಲೆ ಮರ ಮಿಡಿಯುವುದು, ಈ ಮೂರೂ ಬೇರೆಬೇರೆಯಾಗಿ ಕೇಳಿದ್ದು ಎ-25ರಲ್ಲಿ ಮಾತ್ರ. ಕೆಳಗಿನ ಕೊನೆಯ ಕೆಲವು ಸ್ವರಗಳಲ್ಲಿ ಅಡ್ವೆಂಟಿನ ಗಾತ್ರ ಇದಕ್ಕಿಲ್ಲ, ನಿಜ; ಆದರೆ ಸ್ವರದ ಸ್ಥಾನ ಎಂದೂ ಅನುಮಾನಕ್ಕೆ ಬೀಳುವುದಿಲ್ಲ. ಕ್ಲಬ್ಬಿನ ಮೇಜುಗಳ ಮೇಲೆ ಗಾಜಿನ ಲೋಟಗಳು ತಾಗುವ ಸದ್ದು, ನಡುನಡುವೆ ಜನರ ಗುಜುಗುಜು ತಂಡದ ಹಿಂದೆ ತಮ್ಮ ಪಾಡಿಗೆ ಇರುತ್ತವೆ, ಸಂಗೀತದ ಮೇಲೆ ಬೀಳುವುದಿಲ್ಲ. ‘ಕೈಂಡ್ ಆಫ್ ಬ್ಲೂ’ದಲ್ಲಿ ಒಂದು ಬದಿಗೆ ಕ್ಯಾನನ್‌ಬಾಲ್ ಆಡರ್ಲಿ, ಇನ್ನೊಂದು ಬದಿಗೆ ಜಾನ್ ಕೋಲ್ಟ್ರೇನ್ ನಿಲ್ಲುತ್ತಾರೆ, ಒಬ್ಬರದು ಆಲ್ಟೊ, ಇನ್ನೊಬ್ಬರದು ಟೆನರ್. ಅವೆರಡರ ನಡುವಿನ ವ್ಯತ್ಯಾಸ ಶ್ರುತಿಯದಷ್ಟೇ ಅಲ್ಲ, ಉಸಿರಿನ ಸ್ವಭಾವದ್ದೂ ಹೌದೆಂಬುದು ಈ ಸ್ಪೀಕರಿನಲ್ಲಿ ಮೊದಲ ಕೆಲವು ಆವರ್ತನೆಗಳಲ್ಲೇ ಗೊತ್ತಾಗುತ್ತದೆ. ವಾನ್ ಗೆಲ್ಡರ್ ಮುದ್ರಿಸಿದ ಪಿಯಾನೊ ಮುಚ್ಚಿದಂತೆ ಕೇಳಿಸುತ್ತದೆ ಎಂಬ ದೂರು ಹಳೆಯದು. ಎ-25 ಅದನ್ನು ಮರೆಮಾಚುವುದಿಲ್ಲ, ಹಾಗೆಂದು ಕಠೋರವಾಗಿ ಎತ್ತಿಯೂ ತೋರಿಸುವುದಿಲ್ಲ. ಸಣ್ಣ ಕೋಣೆಯಲ್ಲಿ ಮೂವರ, ನಾಲ್ವರ, ಐವರ ತಂಡಗಳ ಜಾಝ್ ಕೇಳುವವರು ಇದನ್ನೇ ಹುಡುಕಬೇಕೆಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಸ್ನೇಹಿತರೊಬ್ಬರ ಕ್ಲಿಪ್ಶ್ ಹೆರೆಸಿಯನ್ನೂ ಕೇಳಿದೆ. ಹಾರ್ನ್ ಇರುವ ಈ ಸ್ಪೀಕರಿಗೆ ಕೆಲವೇ ವಾಟ್ ಸಾಕು, ಟ್ರಂಪೆಟ್ ಇದರಲ್ಲಿ ಎದ್ದು ಬರುವ ರಭಸ ಉಳಿದವುಗಳಿಗಿಲ್ಲ. ಆದರೆ ಕೆಳಸ್ವರ ತೆಳು, ಬೆಲೆಯೂ ಈ ಲೇಖನದ ಮಿತಿಯನ್ನು ಮೀರಿದ್ದು.

ಹಳೆಯ ಸ್ಪೀಕರಿನ ಬೆಲೆಯನ್ನು ರಿಪೇರಿಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಅಡ್ವೆಂಟಿನ ವೂಫರಿನ ಸುತ್ತ ಇರುವುದು ಫೋಮ್ ಅಂಚು. ಆ ಕಾಲದ ಫೋಮ್ ಯಾವ ತಯಾರಕರದ್ದಾದರೂ ವಯಸ್ಸಿಗೆ ಪುಡಿಯಾಗುತ್ತದೆ. ಹೊಸ ಅಂಚನ್ನು ತರಿಸಿ ಅಂಟಿಸುವುದು ತಾಳ್ಮೆಯಿರುವ ಯಾರಾದರೂ ಮಾಡಬಹುದಾದ ಕೆಲಸ. ಎಆರ್-4ಎಕ್ಸ್‌ನ ಅಂಚು ಬಟ್ಟೆಯದು, ಪುಡಿಯಾಗದು. ಆದರೆ ಪೆಟ್ಟಿಗೆಯ ಹಿಂಭಾಗದಲ್ಲಿ ಟ್ವೀಟರಿನ ಧ್ವನಿಮಟ್ಟ ಹೊಂದಿಸಲು ಇರುವ ಗುಂಡಿಯೊಳಗೆ ಕಿಲುಬು ಹಿಡಿದು ಟ್ವೀಟರ್ ಮೌನವಾಗುವುದು ಸಾಮಾನ್ಯ. ಅಂಥದ್ದು ಸಿಕ್ಕರೆ ಟ್ವೀಟರ್ ಸುಟ್ಟಿದೆ ಎಂದು ತೀರ್ಮಾನಿಸುವ ಮೊದಲು ಗುಂಡಿಯನ್ನು ಬಿಚ್ಚಿ ಶುಚಿಗೊಳಿಸಿ, ಅಲ್ಲಿರುವ 20 ಮೈಕ್ರೊಫ್ಯಾರಡ್ ಕ್ಯಾಪಾಸಿಟರನ್ನೂ ಬದಲಿಸುವುದು ಒಳ್ಳೆಯದು. ಎ-25ರ ಅಂಚು ರಬ್ಬರಿನದಾದ್ದರಿಂದ ಅರ್ಧ ಶತಮಾನ ಕಳೆದರೂ ಮೆದುವಾಗಿಯೇ ಇರುವುದನ್ನು ಕಂಡಿದ್ದೇನೆ.

ಕೊಳ್ಳುವ ಮುನ್ನ ಒಂದು ಮೋನೋ ಧ್ವನಿಮುದ್ರಣವನ್ನು ಹಾಕಿಸಿ ಕೇಳಿ. ಎರಡೂ ಸ್ಪೀಕರುಗಳು ಒಂದೇ ರೀತಿ ಮುಪ್ಪಾಗಿದ್ದರೆ ಸ್ಯಾಕ್ಸೋಫೋನ್ ನಟ್ಟನಡುವೆ ನಿಲ್ಲುತ್ತದೆ. ಕೆಲವು ಸ್ವರಗಳಿಗೆ ಎಡಕ್ಕೂ ಕೆಲವಕ್ಕೆ ಬಲಕ್ಕೂ ಸರಿದರೆ ಒಂದರ ಟ್ವೀಟರ್ ಅಥವಾ ಕ್ಯಾಪಾಸಿಟರ್ ಕುಂದಿದೆ ಎಂದರ್ಥ.

ಊರಿಗೆ ಒಯ್ಯುವ ವಿಚಾರವಿರುವವರಿಗೆ: ಈ ಸ್ಪೀಕರುಗಳು ನೇರ ವಿದ್ಯುತ್ ಸಂಪರ್ಕ ಬೇಡದವು, ಹೀಗಾಗಿ 120 ವೋಲ್ಟ್, 230 ವೋಲ್ಟ್ ಎಂಬ ತೊಡಕಿಲ್ಲ; ಅಮೆರಿಕದ ಆಂಪ್ಲಿಫೈಯರನ್ನು ಮಾತ್ರ ಇಲ್ಲಿಯೇ ಬಿಟ್ಟು ಅಲ್ಲಿ ಬೇರೆಯದನ್ನು ಕೊಳ್ಳಬೇಕು. ಎಆರ್-4ಎಕ್ಸ್ ಒಂದೊಂದೂ ಹತ್ತು ಕಿಲೊ ಒಳಗೇ ಇರುವುದರಿಂದ ವಿಮಾನದ ಸಾಮಾನಿನ ಮಿತಿಯಲ್ಲಿ ಹೋಗುತ್ತದೆ, ಅಡ್ವೆಂಟ್ ಸುಲಭವಲ್ಲ. ಮಂಗಳೂರು, ಉಡುಪಿಯಂಥ ಕಡಲತೀರದ ಸೆಕೆಗೆ ಫೋಮ್ ಇನ್ನೂ ಬೇಗ ಹಾಳಾಗುತ್ತದೆ. ಅಲ್ಲಿಗಾದರೆ ರಬ್ಬರ್ ಅಂಚಿನ ಎ-25 ಅಥವಾ ಬಟ್ಟೆ ಅಂಚಿನ ಎಆರ್ ಒಯ್ಯಿರಿ.