ಎಪ್ಪತ್ತೆರಡರಲ್ಲಿ ಪ್ರಾಸ್ಟೇಟ್ ತಪಾಸಣೆ: ಒಂದು ಆಸ್ಪತ್ರೆಯ ಸೇವೆಯ ಕುರಿತು

ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗಿ ಬಂದಾಗ, 72 ವರ್ಷದ ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ವೈದ್ಯರ ಬಗ್ಗೆ ದೂರಿಲ್ಲ. ರಕ್ತದಲ್ಲಿ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಪಿಎಸ್‌ಎ ಎಂಬ ಪ್ರೋಟೀನಿನ ಮಟ್ಟ 4ಕ್ಕಿಂತ ಹೆಚ್ಚಿದ್ದ ವರದಿ ಕಂಡು ನಾನು ಕಂಗಾಲಾಗಿದ್ದಾಗ, ಗ್ರಂಥಿ ದೊಡ್ಡದಾದರೂ ಸೋಂಕು ತಗಲಿದರೂ ಅದು ಏರಬಹುದು, ಅದೊಂದರಿಂದಲೇ ಕ್ಯಾನ್ಸರ್ ಎಂದು ತೀರ್ಮಾನಿಸಲಾಗದು ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವುದರಿಂದ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಕೂಡದೆಂದು ಎರಡು ಸಲ ಎಚ್ಚರಿಸಿದರು.

ಸ್ಕ್ಯಾನಿಂಗ್ ವಿಭಾಗದ ವ್ಯವಸ್ಥೆ ಮಾತ್ರ ಶೋಚನೀಯ. ಮೂತ್ರಕೋಶ ತುಂಬಿರಬೇಕೆಂದು ಒಂದು ಲೀಟರ್ ನೀರು ಕುಡಿಸಿ, 31ನೆಯ ಟೋಕನ್ ಕೊಟ್ಟು, ಒಂದೂವರೆ ಗಂಟೆ ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದರು. ತಡೆದುಕೊಳ್ಳಲಾಗದಿರುವುದೇ ನನ್ನ ಕಾಯಿಲೆ ಎಂಬುದು ಕೌಂಟರಿನವರಿಗೆ ಹೊಳೆಯಲೇ ಇಲ್ಲ! ಶೌಚಾಲಯಕ್ಕೆ ಹೋಗಿಬಂದೆ, ಮತ್ತೆ ನೀರು, ಮತ್ತೆ ಸರದಿ.

ಮಾತ್ರೆಗಳಿಗೆ ಬಗ್ಗದಿದ್ದರೆ, ಮೂತ್ರನಾಳದ ಮೂಲಕವೇ ಗ್ರಂಥಿಯ ಅಡ್ಡಿಯಾಗಿರುವ ಭಾಗವನ್ನು ಹೆರೆದು ತೆಗೆಯುವ ಟಿಯುಆರ್‌ಪಿ ಶಸ್ತ್ರಚಿಕಿತ್ಸೆ ಬೇಕಾಗಬಹುದಂತೆ. ಅದರ ಖರ್ಚನ್ನು ಕೊಠಡಿ, ಅರಿವಳಿಕೆ, ಔಷಧಿ ಎಂದು ಬಿಡಿಬಿಡಿಯಾಗಿ ಬರೆದುಕೊಟ್ಟದ್ದು ಮೆಚ್ಚತಕ್ಕದ್ದು. ಆ ಪ್ರಸಂಗ ಬಂದರೆ ಇದೇ ವೈದ್ಯರಲ್ಲಿ ಮಾಡಿಸಿಕೊಳ್ಳುವೆ. ಸ್ಕ್ಯಾನಿಂಗಿಗೆ ಮಾತ್ರ ಬೇರೆ ಕಡೆ ಹೋಗುವೆ.