ಇಂಡಿಯಾನಾ ಜೋನ್ಸ್: ನಾಲ್ಕನೆಯದೋ, ಐದನೆಯದೋ?

ಹಳೆಯ ನಿಧಿಗಳ ಬೆನ್ನು ಹತ್ತುವ ಪುರಾತತ್ವದ ಮೇಷ್ಟ್ರು ಇಂಡಿಯಾನಾ ಜೋನ್ಸ್, ಅಂದರೆ ಇಂಡಿಯ ಐದು ಹಾಲಿವುಡ್ ಚಿತ್ರಗಳಲ್ಲಿ ಮೊದಲ ಮೂರನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಉಳಿದ ಎರಡರ ಮೇಲೆ ಮಾತ್ರ ಹಳೆಯ ಮುನಿಸು. ಯಾವುದರ ಮೇಲೆ ಹೆಚ್ಚು ಅಂತ ಇತ್ಯರ್ಥ ಆಗಲಿ ಎಂದು ಶನಿವಾರ ಒಂದು, ಭಾನುವಾರ ಒಂದು ಹಾಕಿಕೊಂಡು ಕೂತೆ.

ನಾಲ್ಕನೆಯದಾದ ‘ಕ್ರಿಸ್ಟಲ್ ಸ್ಕಲ್’ ಬಂದದ್ದು 2008ರಲ್ಲಿ, ಮೂರನೆಯದು ಬಂದು 19 ವರ್ಷವಾದ ಮೇಲೆ. ಅನ್ಯಗ್ರಹದವರನ್ನು ತಂದು ಕೆಡಿಸಿದರು ಅಂತ ಎಲ್ಲರೂ ಬೈಯುತ್ತಾರೆ. ನನಗೆ ಅದರ ಬಗ್ಗೆ ತಕರಾರಿಲ್ಲ. 1981ರ ಮೊದಲ ಚಿತ್ರದಲ್ಲಿ ಪೆಟ್ಟಿಗೆಯಿಂದ ಪ್ರೇತಗಳೆದ್ದು ನಾಜಿಗಳ ಮುಖ ಕರಗಿದಾಗ ಚಪ್ಪಾಳೆ ತಟ್ಟಿದವನು ನಾನು. ನನ್ನ ಸಿಟ್ಟು ಆ ಫ್ರಿಜ್ ಮೇಲೆ. ನೆವಾಡಾದಲ್ಲಿ ಅಣುಬಾಂಬ್ ಸಿಡಿಯುತ್ತದೆ, ಇಂಡಿ ಕೂತಿದ್ದ ಫ್ರಿಜ್ ಹಾರಿಹೋಗಿ ಎಲ್ಲೋ ಬಿದ್ದು ಉರುಳುತ್ತದೆ, ಇವನು ಬಾಗಿಲು ತೆಗೆದು ಎದ್ದು ಬರುತ್ತಾನೆ. ಅದೇ ಮೊದಲ ಚಿತ್ರದಲ್ಲಿ ಲಾರಿಯ ಹಿಂದೆ ಧೂಳಿನಲ್ಲಿ ಎಳೆಸಿಕೊಂಡು ಹೋದವನಿಗೆ ಆಮೇಲೆ ಮುಟ್ಟಿದಲ್ಲೆಲ್ಲ ನೋವು. ನೋಯದಿರುವ ಜಾಗ ಯಾವುದಯ್ಯಾ ಅಂತ ಅವನ ಪ್ರೇಯಸಿ ಮೇರಿಯನ್ ರೇಗಿದರೆ ಮೊಣಕೈ ತೋರಿಸುತ್ತಾನೆ. ನಾವು ಅವನನ್ನು ನಂಬಿದ್ದು ಆ ಮೊಣಕೈಯಿಂದ.

ಹಾಗಂತ ಕಾಲೇಜಿನ ಲೈಬ್ರರಿಯೊಳಗೆ ಬೈಕ್ ನುಗ್ಗುವವರೆಗೆ ನಿರ್ದೇಶಕ ಸ್ಪೀಲ್‌ಬರ್ಗ್ ಕೈಚಳಕ ಕಾಣುತ್ತದೆ. ಇಂಡಿಯ ಮಗರಾಯ ಕೋತಿಗಳ ಜೊತೆ ಬಳ್ಳಿಯಲ್ಲಿ ಜೋತಾಡತೊಡಗಿದಾಗ ನಾನು ಎದ್ದು ಕಾಫಿಗಿಟ್ಟೆ.

ಐದನೆಯದಾದ 2023ರ ‘ಡಯಲ್ ಆಫ್ ಡೆಸ್ಟಿನಿ’ಯ ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್. ಇಂಡಿ ಪಾತ್ರದ ಹ್ಯಾರಿಸನ್ ಫೋರ್ಡ್‌ಗೆ ಆಗ 80. ಶುರುವಿನ ರೈಲಿನ ದೃಶ್ಯದಲ್ಲಿ ಕಂಪ್ಯೂಟರ್ ಅವರನ್ನು ಯುವಕನನ್ನಾಗಿ ಮಾಡಿದೆ. ಬಾಯಿ ತೆರೆದರೆ ಮುದುಕನ ದನಿ. 154 ನಿಮಿಷ, ನಾಲ್ಕನೆಯದಕ್ಕಿಂತ ಅರ್ಧ ಗಂಟೆ ಹೆಚ್ಚು. ಮೊರಾಕ್ಕೊದ ಟ್ಯಾಂಜಿಯರ್ ಗಲ್ಲಿಗಳಲ್ಲಿ ಆಟೋ ಅಟ್ಟಾಡಿಸುವುದು ಮುಗಿಯುವುದೇ ಇಲ್ಲ. ಖಳರ ವಿಷಯಕ್ಕೆ ಬಂದರೆ ನಾಲ್ಕನೆಯದರ ಕೇಟ್ ಬ್ಲ್ಯಾಂಚೆಟ್, ಐದನೆಯದರ ಮ್ಯಾಡ್ಸ್ ಮಿಕೆಲ್‌ಸನ್ ಇಬ್ಬರೂ ಸರಿಯೇ. ಆದರೆ 1984ರ ಎರಡನೆಯ ಚಿತ್ರದಲ್ಲಿ ಬರಿಗೈಯಲ್ಲಿ ಎದೆಯಿಂದ ಹೃದಯ ಕಿತ್ತ ಅಮರೀಶ್ ಪುರಿ (ನಮ್ಮ ‘ಕಾಡು’ವಿನಲ್ಲೂ ಇದ್ದವರು) ಮುಂದೆ ಇಬ್ಬರೂ ಸಪ್ಪೆ.

ಆದರೂ ಐದನೆಯದರಲ್ಲಿ ಒಂದಿದೆ. 1969ರ ನ್ಯೂಯಾರ್ಕ್, ಜನ ಚಂದ್ರನ ಮೇಲೆ ಕಾಲಿಟ್ಟವರ ಮೆರವಣಿಗೆಯಲ್ಲಿದ್ದಾರೆ, ಹಳೆಯ ಕಾಲ ಅಗೆಯುವ ಈ ಮೇಷ್ಟ್ರು ಯಾರಿಗೂ ಬೇಡ. ಮಗ ಯುದ್ಧದಲ್ಲಿ ಸತ್ತಿದ್ದಾನೆ, ಹೆಂಡತಿಯಾಗಿದ್ದ ಮೇರಿಯನ್ ದೂರವಾಗಿದ್ದಾಳೆ. ನಾಲ್ಕನೆಯದರಲ್ಲಿ ಮಾಯವಾಗಿದ್ದ ನೋವು ಇಲ್ಲಿ ವಾಪಸ್ ಬಂದಿದೆ, ಮೈಗಲ್ಲ ಅಷ್ಟೇ.

ಗಳಿಕೆಯಲ್ಲಿ ಮಾತ್ರ ಜನ ಬೈದ ನಾಲ್ಕನೆಯದು ಇದರ ಎರಡರಷ್ಟು ದುಡ್ಡು ಮಾಡಿತು. ಮನೆಯಲ್ಲಿ ಮಕ್ಕಳಿದ್ದರೆ ಅದನ್ನೇ ಹಾಕಿ, ಬೈಕಿನವರೆಗೆ. ನನ್ನ ಮತ, ಗೊಣಗಿಕೊಂಡೇ, ಐದನೆಯದಕ್ಕೆ. ಕೊನೆಗೆ ಮೇರಿಯನ್ ಮನೆಗೆ ಬರುತ್ತಾಳೆ, ಇಬ್ಬರ ಕೂದಲೂ ಬೆಳ್ಳಗಾಗಿದೆ, ಮತ್ತೆ ಆ ಮೊಣಕೈಯ ಮಾತು ಬರುತ್ತದೆ. ಎರಡೂವರೆ ಗಂಟೆಯಲ್ಲಿ ನಾನು ಫೋನ್ ಕೆಳಗಿಟ್ಟು ನೋಡಿದ್ದು ಅದೊಂದನ್ನೇ.